ಅರವತ್ತೆರಡು ಕುರಿಗಳ ಆಟ

ಯಜಮಾನರು ತೀರಿಕೊಂಡು ಮೂರು ತಿಂಗಳಾದ ಮೇಲೆ ಕೊಟ್ಟೂರಿನ ನಮ್ಮ ಜೆರಾಕ್ಸ್ ಅಂಗಡಿಯ ಬಾಗಿಲು ತೆಗೆದೆ. ಒಳಗಿನ ಹಳೆಯ ಕಂಪ್ಯೂಟರಿನಲ್ಲಿ ಅವರು ಅರ್ಧಕ್ಕೆ ಬಿಟ್ಟ ಆಟವೊಂದಿತ್ತು. ಹಗಲೆಲ್ಲ ಅರವತ್ತೆರಡು ಕುರಿ ಮೇಯಿಸಿ, ಸಂಜೆ ಅವನ್ನು ರೊಪ್ಪದ ಬೇಲಿಯೊಳಗೆ ಕೂಡುವ ಆಟ. ತಂಬ್ರಹಳ್ಳಿ ಕಡೆಯ ಶಾಲೆಯೊಂದರ ಮಕ್ಕಳಿಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಅಲ್ಲಿನ ಕಂಪ್ಯೂಟರುಗಳೂ ನಮ್ಮದರಷ್ಟೇ ಹಳೆಯವು, ಹೊಸ ಸಾಫ್ಟ್‌ವೇರ್ ಹಿಡಿಯುವುದಿಲ್ಲ. ಹಾಗಾಗಿ ಹಳೆಯದರಲ್ಲೇ ಮಾಡಿದ್ದರು.

ಆ ಮಾತನ್ನು ನಾನು ಉಳಿಸಬೇಕಿತ್ತು. ಓದಿದ್ದು ಪಿಯುಸಿ. ಆದರೆ ಹನ್ನೊಂದು ವರ್ಷ ಅವರ ಪಕ್ಕದಲ್ಲೇ ಕೂತು ಟೈಪ್ ಮಾಡಿದವಳು, ಅವರು ಏನು ಮಾಡುತ್ತಾರೆಂದು ನೋಡುತ್ತಲೇ ಇದ್ದೆ.

ಆಟದಲ್ಲಿ ಸಂಜೆಯಾಗಿ ಕುರಿಗಳು ರೊಪ್ಪದ ಹತ್ತಿರ ಬಂದರೆ ಸಾಕು, ಎಲ್ಲವೂ ನಿಂತುಬಿಡುತ್ತಿತ್ತು. ಮೆಮೊರಿ ಸಾಲದು ಎಂದು ಬರುತ್ತಿತ್ತು. ಚಿತ್ರದ ಫೈಲುಗಳನ್ನು ಸಣ್ಣದು ಮಾಡಿದೆ. ಏನೂ ಆಗಲಿಲ್ಲ. ಫೈಲು ಎಷ್ಟೇ ಸಣ್ಣದಿದ್ದರೂ ಆಟ ಅದನ್ನು ತೆರೆದಾಗ ಚಿತ್ರದ ಉದ್ದಗಲಕ್ಕೆ ತಕ್ಕಷ್ಟು ಜಾಗ ಬೇಕು ಎಂದು ತಿಳಿಯಲು ಎರಡು ದಿನ ಹಿಡಿಯಿತು. ಸೀರೆ ಮಡಿಚಿದಾಗ ಅಂಗೈ ಅಗಲ, ಒಣಹಾಕುವಾಗ ಹಗ್ಗದ ಉದ್ದಕ್ಕೂ ಬೇಕು.

ಬೇರೆ ಯಾರಾದರೂ ಆಗಿದ್ದರೆ ಒಂದು ಕುರಿ ಬರೆದು ಅದನ್ನೇ ಅರವತ್ತೆರಡು ಸಲ ತೋರಿಸುತ್ತಿದ್ದರು. ಇವರು ಕುರಿಗಾರರ ಮನೆಯವರು. ಒಂದೊಂದನ್ನೂ ಬೇರೆ ಬೇರೆ ಬರೆದಿದ್ದರು. ಐದು ಇಟ್ಟುಕೊಂಡು ಉಳಿದವನ್ನು ತೆಗೆಯೋಣವೆಂದುಕೊಂಡೆ. ಬೆರಳು ಮಾತ್ರ ಮುಂದೆ ಹೋಗಲಿಲ್ಲ. ಅತ್ತೆಯನ್ನು ಕರೆದು ತೋರಿಸಿದೆ.

"ಅತ್ತಿ, ಇವು ಐದು ಸಾಕಲ್ರಿ? ಉಳಿದಾವೂ ಹಿಂಗ ಅದಾವು."

"ಹಿಂಗ ಅದಾವಂತ! ಇದು ಕಿವಿ ಹರಿದದ್ದು. ಇದು ಕರಿ ಮುಸುಡಿದು. ಇದು ಹಡೆದ ಮರೀನ ಒದಿಯೋದು, ಭಾಳ ಸೊಕ್ಕಿಂದು. ನಮ್ಮ ಮನಿ ಕುರಿ ಎಲ್ಲಾ ಬರದಾನ. ನಿನಗ ಒಂದ ಥರ ಕಾಣ್ತಾವೇನು? ಪ್ಯಾಟಿಯಾಕಿ!"

"ಎಲ್ಲಾ ಒಮ್ಮಿಗೇ ಬಂದ್ರ ಇದರಾಗ ಜಾಗ ಸಾಲಂಗಿಲ್ರಿ."

"ಒಮ್ಮಿಗೇ ಯಾಕ ಬಿಡ್ತಿ? ರೊಪ್ಪದ ಬಾಗಲಾಗ ಕಾಲು ಅಡ್ಡ ಇಟ್ಟು ನಿಂದರಬೇಕು. ಒಂದೊಂದ ಬಿಡಬೇಕು. ಹೊಟ್ಟಿ ತುಂಬೈತೇನು, ಮುಳ್ಳು ತರಚೈತೇನು, ಮಾರಿ ಮುಸುಡಿ ನೋಡಿ ಒಳಗ ಹಾಕೋದು. ಒಳಗ ಹೋದದ್ದರ ಮಾರಿ ಮತ್ತ್ಯಾಕ ನೋಡ್ತಿ?"

"ಮತ್ತ ಅಡವಿಯಾಗ ಮೇಯೋವಾಗ?"

"ಅಷ್ಟು ದೂರದಿಂದ ಮಾರಿ ಕಾಣ್ತಾವೇನ ತಾಯಿ? ಬೆನ್ನು ಕಾಣ್ತಾವ ಅಷ್ಟ."

ಅತ್ತೆ ಹೇಳಿದಂತೆಯೇ ಮಾಡಿದೆ. ದೂರ ಮೇಯುವ ಕುರಿಗಳಿಗೆಲ್ಲ ಒಂದೇ ಪುಟ್ಟ ಬೆನ್ನಿನ ಚಿತ್ರ. ಬಾಗಿಲಿಗೆ ಬಂದ ಕುರಿಗೆ ಮಾತ್ರ ಅದರದೇ ಚಿತ್ರ ತೆರೆಯಬೇಕು; ಅದು ಒಳಗೆ ಹೋದೊಡನೆ ಆ ಚಿತ್ರವನ್ನು ಮೆಮೊರಿಯಿಂದ ಬಿಡಬೇಕು, ಆಮೇಲೆ ಇನ್ನೊಂದು. ಬಿಡು ಎಂದು ಹೇಳುವ ಕೋಡಿನ ಸಾಲನ್ನು ಎಲ್ಲಿ ಬರೆಯಬೇಕೆಂದು ಹುಡುಕಲು ಒಂದು ವಾರ ಬೇಕಾಯಿತು. ಯಾರನ್ನೂ ಕೇಳಲಿಲ್ಲ. ಯಜಮಾನರ ಚಿತ್ರ ಒಂದನ್ನೂ ಅಳಿಸಲಿಲ್ಲ.

ಭಾನುವಾರ ಬೆಳಿಗ್ಗೆ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಆಟ ಶುರು ಮಾಡಿದೆ. ಕುರಿಗಳು ಬಾಗಿಲಿಗೆ ಬಂದವು. ಆಟ ಮೊದಲು ನಿಲ್ಲುತ್ತಿದ್ದ ಜಾಗವನ್ನು ದಾಟಿತು. ಅತ್ತೆ ಒಂದೊಂದನ್ನೂ ಗುರುತು ಹಿಡಿದು ಬೈಯುತ್ತ, ಹೊಗಳುತ್ತ ಹೋದರು. ಅರವತ್ತೆರಡೂ ಒಳಗೆ ಸೇರಿದವು.

"ಎಲ್ಲಾ ಬರೋಬ್ಬರಿ ಐತಿ," ಎಂದರು. "ಆದರ ಆ ಕುಂಟಿನ ಮೊದಲ ಯಾಕ ಬಿಟ್ಟಾನ? ಅದು ಯಾವತ್ತೂ ಕಡೀಕ ಬರ್ತಿತ್ತು. ಪಾಟಿಚೀಲ ಹಿಡಕೊಂಡು ಸಾಲಿಗೆ ಹೋಗಿ ಕುಂದ್ರತಿದ್ದ, ಅವಂಗೇನು ಗೊತ್ತು!"

ಅಲ್ಲಿಯವರೆಗೆ ಯಜಮಾನರು ಮಾಡಿಟ್ಟದ್ದನ್ನು ಉಳಿಸುವುದಷ್ಟೇ ನನ್ನ ಕೆಲಸವಾಗಿತ್ತು. ತಪ್ಪೆಂದು ಒಂದನ್ನೂ ತಿದ್ದಿರಲಿಲ್ಲ. ಈಗ ಅತ್ತೆಯ ಮುಂದೆಯೇ ಆ ಕುರಿಯನ್ನು ಸಾಲಿನ ಕೊನೆಗೆ ಹಾಕಿದೆ. ಎರಡೇ ಅಂಕಿ ಬದಲಾಯಿಸಿದ್ದು.

ಮರುದಿನ ಆಟ ತುಂಬಿದ ಪೆನ್ ಡ್ರೈವ್ ಪರ್ಸಿನಲ್ಲಿ ಹಾಕಿಕೊಂಡು, ತಂಬ್ರಹಳ್ಳಿ ಕಡೆಯ ಆ ಶಾಲೆಗೆ ಹೋಗಲು ಹಗರಿಬೊಮ್ಮನಹಳ್ಳಿ ಬಸ್ಸು ಹತ್ತಿದೆ.