ಅಕ್ಕನ ನಾಲ್ಕು ಪದ

ಬರೆದದ್ದನ್ನೆಲ್ಲ ಎಣಿಸುವ ಚಟ ನನಗೆ ಹತ್ತಿದ್ದು ಹಲಸೂರಿನ ಡಿಟಿಪಿ ಅಂಗಡಿಯಲ್ಲಿ. ಯಾವ ಪದ ಎಷ್ಟು ಸಲ ಬಂದಿದೆಯೆಂದು ಅಲ್ಲಿನ ಕಂಪ್ಯೂಟರಿನಲ್ಲಿ ಹುಡುಕಿಸಿ, ಹೆಚ್ಚಾದದ್ದನ್ನು ಕಳೆಯಂತೆ ಕಿತ್ತೆಸೆಯುತ್ತಿದ್ದೆ. ಬರಹ ಚುರುಕಾಗುತ್ತಿತ್ತು, ಸುಳ್ಳು ಹೇಳಲಾರೆ.

ರಾಮಮೂರ್ತಿ ನಗರದಲ್ಲಿದ್ದ ಅಕ್ಕ ತೀರಿಕೊಂಡ ತಿಂಗಳಿಗೆ, ಅವಳ ಬಗ್ಗೆ ಒಂಬೈನೂರು ಪದ ಬರೆದು ಅದೇ ಅಂಗಡಿಗೆ ಒಯ್ದೆ. ಟೈಪ್ ಮಾಡುವ ಹೆಂಗಸಿಗೂ ನನ್ನ ಚಟ ಅಂಟಿತ್ತು.

“ಸಾರ್, ಇಷ್ಟುದ್ದ ಲೇಖನದಲ್ಲಿ ನಿಮ್ಮಕ್ಕ ಆಡಿರೋದು ನಾಲ್ಕೇ ಪದ. ‘ಊಟ ಮಾಡ್ಕೊಂಡು ಹೋಗೋ, ಬಿಸಿಯಾಗಿದೆ.’ ಅವರದ್ದು ಇನ್ನೊಂದೆರಡು ಮಾತು ಸೇರ್ಸಿ, ಚೆನ್ನಾಗಿರುತ್ತೆ.”

“ನಿಮ್ಮ ಕೆಲಸ ನೀವು ನೋಡ್ಕೊಳ್ರೀ” ಎಂದು ರೇಗಿದೆ. ಆದರೂ ಅಲ್ಲೇ ಬೆಂಚಿನ ಮೇಲೆ ಪೆನ್ನು ಹಿಡಿದು ಕೂತೆ. ಅಂಗಡಿ ಬಾಗಿಲು ಹಾಕುವವರೆಗೂ ಐದನೆಯ ಪದ ನೆನಪಿಗೆ ಬರಲಿಲ್ಲ.

ಇಪ್ಪತ್ತು ವರ್ಷ ಪ್ರತಿ ಭಾನುವಾರ ಅವಳ ಮನೆಗೆ ಹೋಗಿದ್ದವನು ನಾನು. ಊಟವಾದ ಮೇಲೆ ನಾನು ಹೊಸದಾಗಿ ಬರೆದದ್ದನ್ನು ಓದುತ್ತಿದ್ದೆ. ಅವಳು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು. ನಡುವೆ ಏನೋ ಹೇಳಲೆಂದು ಅವಳು ತಲೆಯೆತ್ತಿದರೆ ನಾನು ಕೈ ಅಡ್ಡ ಹಿಡಿಯುತ್ತಿದ್ದೆ.

“ತಾಳಕ್ಕಾ, ಇನ್ನೂ ಎರಡು ಪುಟ ಇದೆ.”