ಊರು ತೋರಿಸುವ ಬೆಟ್ಟಸ್ವಾಮಿ

ಬಿದಿರಕೊಪ್ಪಲಿನ ಶಾಲೆಗೆ ನನಗೆ ವರ್ಗವಾದದ್ದು ೧೯೯೧ರ ಜೂನ್ ತಿಂಗಳಲ್ಲಿ. ಹುಣಸೂರಿನಿಂದ ವೀರನಹೊಸಹಳ್ಳಿಯ ಬಸ್ಸು ಹತ್ತಿ, ಕಂಡಕ್ಟರು ಇಳಿಸಿದ ಅರಳಿಮರದ ಕೆಳಗೆ ಟ್ರಂಕು ಇಟ್ಟುಕೊಂಡು ನಿಂತಿದ್ದೆ. ಊರೆಂಬುದು ಎಲ್ಲಿಯೂ ಕಾಣಿಸಲಿಲ್ಲ. ರಸ್ತೆಯ ಬದಿಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಮೂವತ್ತರ ಆಸುಪಾಸಿನ ಒಬ್ಬ ಆಳನ್ನು ಶಾಲೆಯ ದಾರಿ ಕೇಳಿದೆ. ಅವನು ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನ ಟ್ರಂಕನ್ನು ತಲೆಯ ಮೇಲೆ ಹೊತ್ತುಕೊಂಡ.

"ನಮ್ಮೂರಿಗೇ ಬಂದಿದ್ದೀರಿ ಅನ್ನಿ. ಬನ್ನಿ ಮೇಷ್ಟ್ರೇ, ಇಲ್ಲೇ ಕಣ್ರೀ," ಎಂದ.

ಇಲ್ಲೇ ಇದ್ದದ್ದು ನಿಜ. ಕಾಲು ಗಂಟೆಯ ನಡಿಗೆ. ಆದರೆ ನಾವು ಶಾಲೆ ಮುಟ್ಟಿದಾಗ ಮಕ್ಕಳು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಿದ್ದರು. ನನಗೆ ಅಧಿಕಾರ ವಹಿಸಿಕೊಡಬೇಕಾಗಿದ್ದ ಹಳೆಯ ಮೇಷ್ಟ್ರು ಕಾದು ಕಾದು ಜಗುಲಿಯ ಮೇಲೆ ನಿದ್ದೆ ಹೋಗಿದ್ದರು. ಅಷ್ಟರಲ್ಲಿ ನಾನು ಕೆರೆ, ಗೋಮಾಳ, ಹೆಜ್ಜೇನು ಕಟ್ಟುವ ಮತ್ತಿಮರ, ಆನೆಗಳು ಮೈ ಉಜ್ಜಿ ನುಣುಪು ಮಾಡಿದ್ದ ಬಂಡೆ, ಇವೆಲ್ಲವನ್ನೂ ನೋಡಿ ಮುಗಿಸಿದ್ದೆ. ಆ ಬಂಡೆಯ ಮೇಲೆ ಕೈಯಾಡಿಸಿ ನೋಡುವವರೆಗೂ ಅವನು ನನ್ನನ್ನು ಮುಂದಕ್ಕೆ ಬಿಡಲಿಲ್ಲ.

ಹಳೆಯ ಮೇಷ್ಟ್ರು ಕಣ್ಣು ಬಿಟ್ಟು ನನ್ನನ್ನೂ ಅವನನ್ನೂ ನೋಡಿ, "ಓ, ಬೆಟ್ಟಸ್ವಾಮಿ ಸಿಕ್ಕಿದ್ದನೋ," ಎಂದಷ್ಟೇ ಹೇಳಿದರು. ಅವರಿಗೆ ವಿವರಣೆ ಬೇಕಾಗಿರಲಿಲ್ಲ.

ಬಿದಿರಕೊಪ್ಪಲಿನಲ್ಲಿ ಆಗ ಇದ್ದದ್ದು ಹತ್ತೊಂಬತ್ತು ಮನೆ. ಮುಂದೆ ರಾಗಿ, ಹೊಗೆಸೊಪ್ಪಿನ ಹೊಲಗಳು, ಹಿಂದೆ ಕಾಡು. ಬೆಟ್ಟಸ್ವಾಮಿಗೆ ನಾಲ್ಕು ಎಕರೆ ಖುಷ್ಕಿ, ಒಂದು ಜೊತೆ ಎತ್ತು, ಒಂದು ಎಮ್ಮೆ, ತಾಯಿ ಭದ್ರಮ್ಮ, ಇಷ್ಟೇ ಆಸ್ತಿ. ಆದರೆ ಊರಿನ ಸುತ್ತಲಿನ ಸಮಸ್ತವೂ ತನ್ನದೇ ಎಂಬಂತೆ ಅವನು ಹೊಸಬರಿಗೆಲ್ಲ ತೋರಿಸುತ್ತಿದ್ದ. ಕರೆಂಟಿನ ಲೈನ್‌ಮನ್ ಬಂದರೂ, ದನದ ಡಾಕ್ಟರು ಬಂದರೂ, ಬಳೆಗಾರ ಬಂದರೂ ಬಂಡೆ ಮುಟ್ಟದೆ ಹಿಂದಿರುಗಿದವರಿಲ್ಲ. ದನದ ಡಾಕ್ಟರೊಬ್ಬರು ಅವನಿಂದ ತಪ್ಪಿಸಿಕೊಳ್ಳಲು ಕೆರೆಯ ಏರಿಯ ಹಿಂದಿನಿಂದ ಬರುತ್ತಿದ್ದರು. ಹಾಗೆ ಬಂದವರಿಗೆ ಅವನು ಏರಿಯನ್ನೇ ತೋರಿಸಿದ.

ಮಾಧ್ಯಮಿಕ ಶಾಲೆಗೆ ಹೊರಗೆ ಹೋಗುತ್ತಿದ್ದ ಮಕ್ಕಳಿಗೆ ನಾನು ಸಂಜೆಯ ವೇಳೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ನನ್ನ ಬಳಿಯಿದ್ದ ಒಂದು ಹಳೆಯ ವಾಚನ ಪುಸ್ತಕದಲ್ಲಿ ಇಂಗ್ಲೆಂಡಿನ ಸಣ್ಣ ಹಳ್ಳಿಯೊಂದರ ಪಾಠವಿತ್ತು. ಜೊತೆಗೆ ಚಿತ್ರ: ಚರ್ಚಿನ ಗೋಪುರ, ಬಾತುಕೋಳಿಗಳ ಕೊಳ, ಕಲ್ಲಿನ ಸೇತುವೆ, ಬೇಲಿಗಳ ನಡುವೆ ಹೊಲಕ್ಕೆ ಹೋಗುವ ಕಾಲುದಾರಿ, ದೂರದ ದಿಣ್ಣೆಯ ಮೇಲೆ ಕುರಿಗಳು. ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದ ಬೆಟ್ಟಸ್ವಾಮಿ ಒಂದು ದಿನ ತಲೆಯನ್ನು ಒಳಗೆ ತೂರಿಸಿದ.

"ಆ ಊರಲ್ಲಿ ಎಷ್ಟು ಮನೆ ಮೇಷ್ಟ್ರೇ?"

"ಮೂವತ್ತು ಅಂತ ಬರೆದಿದ್ದಾರಪ್ಪ."

"ಆನೆ ಅವೆಯಾ?"

"ಇಲ್ಲ."

"ಚಿರತೆ?"

"ಅದೂ ಇಲ್ಲ. ನರಿ ಇದೆಯಂತೆ."

ಅವನು ಸ್ವಲ್ಪ ಹೊತ್ತು ಆ ಚಿತ್ರವನ್ನೇ ನೋಡಿದ. "ಬರೀ ನರಿ ಮಡಿಕ್ಕೊಂಡು ಪುಸ್ತಕಕ್ಕೆ ಸೇರ್ಕಂಡವ್ರೆ. ನಮ್ಮೂರ ಬಗ್ಗೆ ಯಾರೂ ಒಂದಕ್ಷರ ಬರೆದಿಲ್ಲ ಕಣ್ರೀ," ಎಂದು ಬೇಸರದಿಂದ ಹೊರಟುಹೋದ. ಅಂದಿನಿಂದ ಅವನು ಊರು ತೋರಿಸುವಾಗ ಒಂದು ಮಾತು ಹೊಸದಾಗಿ ಸೇರಿತು: "ಇಂಗ್ಲೆಂಡಲ್ಲೂ ಊರು ಅಂದ್ರೆ ಇಷ್ಟೇಯ. ಆದ್ರೆ ಅವ್ರಿಗೆ ಆನೆ ಇಲ್ಲ."

ಇಂಥ ಮನುಷ್ಯನಿಗೆ ಮದುವೆಯಾಗಿರಲಿಲ್ಲ. ಹೆಣ್ಣು ಸಿಗದೆಯಲ್ಲ, ಹೆಣ್ಣಿನವರು ಮನೆ ನೋಡಲು ಬಂದು ಹೋದ ಮೇಲೆ ಸಂಬಂಧ ಮುರಿಯುತ್ತಿತ್ತು. ನಮ್ಮ ಕಡೆ ಗಂಡು ಹೋಗಿ ಹೆಣ್ಣನ್ನು ನೋಡಿ ಒಪ್ಪಿದ ಮೇಲೆ, ಹೆಣ್ಣಿನ ಹಿರಿಯರು ಗಂಡಿನ ಮನೆ ನೋಡಲು ಬರುವುದು ವಾಡಿಕೆ. ಬಂದವರನ್ನು ಬೆಟ್ಟಸ್ವಾಮಿ ಮನೆಯಲ್ಲಿ ಕೂರಲು ಬಿಡುತ್ತಿರಲಿಲ್ಲ. ಕೆ.ಆರ್. ನಗರದ ಕಡೆಯವರು ಬಂದಾಗ, ಚಿರತೆಯು ನಾಯಿಯನ್ನು ಎಳೆದೊಯ್ದ ಜಾಗಕ್ಕೆ ಕರೆದುಕೊಂಡು ಹೋಗಿ, "ಇಲ್ಲೇ ಕಣ್ರೀ. ಕೊರಳಪಟ್ಟಿ ಈ ಕಡೆ ಬಿದ್ದಿತ್ತು, ಬಾಲ ಆ ಕಡೆ," ಎಂದು ತೋರಿಸಿದ. ಅವರು ಕಾಫಿಗೂ ನಿಲ್ಲಲಿಲ್ಲ. ಎಚ್.ಡಿ. ಕೋಟೆಯವರು ಕಾಡಿನಂಚಿನವರೇ ಆದ್ದರಿಂದ ಆನೆ, ಚಿರತೆಗೆ ಹೆದರಲಿಲ್ಲ. ಅವರಿಗೆ ಇವನು ಬೇಸಿಗೆಯಲ್ಲಿ ಬತ್ತುವ ಬಾವಿಯನ್ನು ತೋರಿಸಿ, ಅದರ ತಳದ ಕಲ್ಲು ಎಷ್ಟು ಚೆಂದವೆಂದು ವರ್ಣಿಸಿದ.

೧೯೯೪ರ ಮಾಘದಲ್ಲಿ ರಾವಂದೂರಿನ ಹತ್ತಿರದ ಮಹದೇವಪ್ಪನವರ ಮಗಳು ವಿಮಲಳನ್ನು ತಾಯಿ ಮಗ ನೋಡಿ ಬಂದರು. ಬೆಟ್ಟಸ್ವಾಮಿ ಮೊದಲ ಬಾರಿಗೆ ಯಾವುದೋ ಹೊಲದ ಸುದ್ದಿ ಹೇಳುತ್ತ ಮಧ್ಯದಲ್ಲಿ ನಿಲ್ಲಿಸಿ ಸುಮ್ಮನೆ ನಕ್ಕದ್ದನ್ನು ನಾನೇ ಕಂಡೆ. ಹುಡುಗಿ ಅವನಿಗೆ ಬಹಳ ಹಿಡಿಸಿದ್ದಳು. ಹೆಣ್ಣು ನೋಡುವ ದಿನ ಗಂಡು ಬಾಯಿ ಬಿಡುವುದು ಪದ್ಧತಿಯಲ್ಲವಾದ್ದರಿಂದ ಅಲ್ಲಿಯ ತನಕ ಏನೂ ಕೆಟ್ಟಿರಲಿಲ್ಲ. ಅವರು ಮನೆ ನೋಡಲು ಬರುವ ಹಿಂದಿನ ದಿನ ಭದ್ರಮ್ಮ ಶಾಲೆಗೇ ಬಂದರು.

"ಮೇಷ್ಟ್ರೇ, ನಾಳೆ ಒಂದಿನ ಅವನ ಬಾಯಿಗೆ ಬೀಗ ಹಾಕ್ಕೊಡಿ."

"ಒಂದನೇ ತರಗತಿಯ ಮಕ್ಕಳ ಬಾಯನ್ನೇ ನನ್ನಿಂದ ಮುಚ್ಚಿಸಲಾಗುವುದಿಲ್ಲ ತಾಯಿ."

"ಅಂಗಾರೆ ನಾನೇ ನೋಡ್ಕೋತೀನಿ. ನೀವು ಬಂದು ಕೂತ್ಕೊಂಡಿರಿ, ಸಾಕು."

ಮರುದಿನ ಹೋದಾಗ ಆಕೆ ಕಂಡುಕೊಂಡ ಉಪಾಯ ತಿಳಿಯಿತು. ಬೆಟ್ಟಸ್ವಾಮಿ ಬಿಳಿಯ ಅಂಗಿ ತೊಟ್ಟು ಕಂಬಕ್ಕೆ ಒರಗಿ ಕುಳಿತಿದ್ದ. ಎರಡು ಕೆನ್ನೆಯೂ ಊದಿಕೊಂಡಿದ್ದವು. ಬಾಯಿಯ ತುಂಬ ಎಲೆಅಡಿಕೆ. ಒಂದು ಮುಗಿಯುವ ಹೊತ್ತಿಗೆ ಭದ್ರಮ್ಮ ಇನ್ನೊಂದು ಮಡಿಸಿ ಕೈಗೆ ಕೊಡುತ್ತಿದ್ದರು. ಉಗುಳಬಾರದು, ಅವರು ಬಸ್ಸು ಹತ್ತುವವರೆಗೂ ಮಾತಾಡಬಾರದು ಎಂದು ತಮ್ಮ ತಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದರು.

ಬಂದವರು ಮೂವರು: ಮಹದೇವಪ್ಪನವರು, ಅವರ ಭಾವಮೈದುನ ಶಿವಶಂಕರ, ಮಹದೇವಪ್ಪನವರ ತಾಯಿ ಸಿದ್ದಲಿಂಗಮ್ಮ. ಮುದುಕಿಯ ಮಾತೇ ಆ ಮನೆಯಲ್ಲಿ ಕೊನೆಯ ಮಾತೆಂಬುದು ಆಕೆ ಕುಳಿತ ರೀತಿಯಲ್ಲಿಯೇ ಗೊತ್ತಾಗುತ್ತಿತ್ತು.

"ಹೊಲ ಎಷ್ಟಪ್ಪಾ?" ಎಂದು ಮಹದೇವಪ್ಪನವರು ಕೇಳಿದರು. ಬೆಟ್ಟಸ್ವಾಮಿ ನಾಲ್ಕು ಬೆರಳು ತೋರಿಸಿದ.

"ಏನು ಬೆಳೀತೀಯ?" ಅವನು ಅಟ್ಟದ ಮೇಲಿದ್ದ ಹೊಗೆಸೊಪ್ಪಿನ ಕಟ್ಟಿನ ಕಡೆಗೆ ಗಲ್ಲ ಎತ್ತಿದ.

"ನೀರಿಗೆ ಹೆಂಗೆ?" ಎಂದ ಶಿವಶಂಕರ.

ಇದು ಬಾವಿಯ ಪ್ರಶ್ನೆ. ಬೆಟ್ಟಸ್ವಾಮಿಯ ಕಣ್ಣು ಅಗಲವಾದವು, ಕುತ್ತಿಗೆಯ ನರ ಉಬ್ಬಿತು. ಭದ್ರಮ್ಮ ಸರಕ್ಕನೆ ಮತ್ತೊಂದು ಎಲೆ ಚಾಚಿ, "ದೇವರು ಕೊಟ್ಟಂಗೆ ಅದೆ ಕಣಪ್ಪ," ಎಂದರು.

ಸಿದ್ದಲಿಂಗಮ್ಮ ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ಹುಡುಗನಿಗೆ ಮಾತು ಬತ್ತದಾ?"

"ಬಹಳ ಚೆನ್ನಾಗಿ ಬರುತ್ತದೆ ತಾಯಿ," ಎಂದೆ. ಇಷ್ಟು ನಿಜವಾದ ಮಾತನ್ನು ಇಷ್ಟು ಸುಳ್ಳಿನಂತೆ ನಾನು ಎಂದೂ ಆಡಿರಲಿಲ್ಲ.

"ಅಂಗಾರೆ ಒಂದು ಮಾತು ಆಡ್ಸಿ."

"ನಾಚ್ಕೆ ಸ್ವಭಾವ ಕಣವ್ವ, ಸಣ್ಣೋನಾಗಿಂದ್ಲೂ ಅಂಗೇಯ," ಎಂದು ಭದ್ರಮ್ಮ ನಡುವೆ ಬಂದರು. ಬಾಗಿಲಲ್ಲಿ ಇಣುಕುತ್ತಿದ್ದ ನೆರೆಯ ಹೆಂಗಸರಲ್ಲಿ ಯಾರೋ ಕೆಮ್ಮಿದರು.

ಮುದುಕಿ ಮಗನ ಮುಖ ನೋಡಿದರು, ಮಗ ಭಾವಮೈದುನನ ಮುಖ ನೋಡಿದರು. ಮೂವರೂ ಎದ್ದರು. "ಊರಿಗೆ ಹೋಗಿ ಹೇಳಿ ಕಳಿಸ್ತೀವಿ," ಎಂದರು ಮಹದೇವಪ್ಪ. ಆ ಮಾತಿನ ಅರ್ಥ ಆ ಮನೆಗೆ ಹೊಸದಲ್ಲ. ಬೆಟ್ಟಸ್ವಾಮಿಯ ಮುಖ ಬಾಡಿತು.

ಅಂಗಳಕ್ಕೆ ಇಳಿದ ಶಿವಶಂಕರ, "ಬಸ್ಸಿಗೆ ಹೊತ್ತಾಯ್ತು ಭಾವ. ಹಳ್ಳದ ದಾರೀಲಿ ಹೋದ್ರೆ ಹತ್ತಿರವಂತೆ," ಎನ್ನುತ್ತ ಬಿದಿರು ಮೆಳೆಯ ಕಡೆಗೆ ಹೊರಟ. ಮಿಕ್ಕಿಬ್ಬರು ಹಿಂಬಾಲಿಸಿದರು.

ಬೆಟ್ಟಸ್ವಾಮಿ ತಟ್ಟನೆ ಎದ್ದು ತಾಯಿಯ ಕಡೆ ನೋಡಿ ಕೈಯಾಡಿಸಿ ಏನೋ ಸನ್ನೆ ಮಾಡಿದ. ಮಗ ಮತ್ತೆ ಬಂಡೆ ತೋರಿಸಲು ಹೊರಟನೆಂದುಕೊಂಡ ಭದ್ರಮ್ಮ ಬೇಡವೆಂದು ತಲೆಯಾಡಿಸಿ, ತಮ್ಮ ನೆತ್ತಿಯನ್ನು ಮುಟ್ಟಿ ಆಣೆಯನ್ನು ನೆನಪಿಸಿದರು. ಅವನು ಒಮ್ಮೆ ತಾಯಿಯನ್ನು, ಒಮ್ಮೆ ಮೆಳೆಯನ್ನು ನೋಡಿದ. ಆಮೇಲೆ ತಿಪ್ಪೆಯ ಬಳಿ ಹೋಗಿ ಬಾಯಲ್ಲಿದ್ದುದನ್ನೆಲ್ಲ ಉಗುಳಿ, ಕೂಗಿಕೊಂಡು ಓಡಿದ.

"ಮಾವಾ, ನಿಂತ್ಕಳಿ. ಆ ದಾರಿ ಬ್ಯಾಡಿ. ನಿನ್ನೆಯಿಂದ ಮೆಳೇಲಿ ಒಂಟಿ ಆನೆ ಅದೆ."

ಗಂಡಸರಿಬ್ಬರೂ ಕಲ್ಲಾಗಿ ನಿಂತರು. ಸಿದ್ದಲಿಂಗಮ್ಮ ಮಾತ್ರ ಆನೆಯ ವಿಷಯಕ್ಕೆ ಕಿವಿಗೊಡದೆ, "ಲೇ ಮಹದೇವ, ಮಾತಾಡ್ತಾನೆ ಕಣ್ಲಾ," ಎಂದರು.

ಅಷ್ಟರಲ್ಲಿ ಮೆಳೆಯೊಳಗೆ ಬಿದಿರು ಲಟಕ್ಕೆಂದು ಮುರಿಯಿತು. ಶಿವಶಂಕರ ಚಪ್ಪಲಿಯನ್ನು ಅಲ್ಲೇ ಬಿಟ್ಟು ಅಂಗಳಕ್ಕೆ ಓಡಿ ಬಂದಿದ್ದ.

"ಎದ್ರಬ್ಯಾಡಿ," ಎಂದ ಬೆಟ್ಟಸ್ವಾಮಿ. "ಸುತ್ತು ದಾರೀಲಿ ನಾನೇ ಬಿಟ್ಟು ಬತ್ತೀನಿ." ಮಾತಿನ ಕಟ್ಟೆ ಹೇಗೂ ಒಡೆದಿತ್ತು. ಗೋಮಾಳದ ಮೇಲೆ ಹೋಗುವ ಆ ದಾರಿಯಲ್ಲಿ ಮತ್ತಿಮರವಿತ್ತು, ಬಂಡೆಯಿತ್ತು, ಬಾವಿಯಿತ್ತು, ನಾಯಿಯ ಜಾಗವೂ ಇತ್ತು. ನಾನೂ ಜೊತೆಗೆ ಹೋದೆ. ಮೂವರೂ ಬಂಡೆ ಮುಟ್ಟಿದರು. ಇಂಗ್ಲೆಂಡಿನ ಹಳ್ಳಿಯ ಸುದ್ದಿಯೂ ಬಂತು. ಶಿವಶಂಕರ ಹಿಂದಿರುಗಿ ನೋಡುತ್ತಲೇ, "ಆನೆ ಇಲ್ಲದಿದ್ರೆ ಒಳ್ಳೇ ಊರೇಯ," ಎಂದ. ಬಸ್ಸು ತಪ್ಪಿಹೋಯಿತು. ಮುಂದಿನ ಬಸ್ಸು ಬರುವವರೆಗೆ ಅರಳಿಮರದ ಕೆಳಗೆ ಕುಳಿತು, ಉಳಿದಿದ್ದ ಸಂಗತಿಗಳನ್ನೂ ಕೇಳಿದರು.

ನಾನು ಹಿಂದಿರುಗಿದಾಗ ಭದ್ರಮ್ಮ ಜಗುಲಿಯ ಮೇಲೆ ತಲೆಗೆ ಕೈ ಹೊತ್ತು ಕುಳಿತಿದ್ದರು.

"ಆನೆ ಇಲ್ದಿದ್ರೆ ಬಾಯಿ ಬಿಡ್ತಿರಲಿಲ್ಲ ಬುಡಿ, ಅದು ಸರಿಯೇಯ. ಆಮೇಲೆ ಏನೇನ್ ಹೇಳ್ದ ಮೇಷ್ಟ್ರೇ?"

"ಎಲ್ಲ ಹೇಳಿದ ತಾಯಿ."

"ಬಾವಿ?"

"ಬಾವಿಯನ್ನೂ."

"ನಾಯಿ?"

"ಬಾಲ ಸಮೇತ."

ಆಕೆ ಎದ್ದು ಒಳಗೆ ಹೋಗಿ, ಉಳಿದಿದ್ದ ಉಪ್ಪಿಟ್ಟನ್ನು ಎಮ್ಮೆಗೆ ಹಾಕಿದರು.

ಆ ವಾರ ಬೆಟ್ಟಸ್ವಾಮಿ ಯಾರಿಗೂ ಏನನ್ನೂ ತೋರಿಸಲಿಲ್ಲ. ಲೈನ್‌ಮನ್ ಬಂದು, ಕೆಲಸ ಮುಗಿಸಿ, ಅನುಮಾನದಿಂದ ಅತ್ತಿತ್ತ ನೋಡಿ ಹೋದ. ಮುಂದಿನ ಸೋಮವಾರ ಶಿವಶಂಕರ ಬಂದ, ಸುತ್ತು ದಾರಿಯಲ್ಲೇ. ಸಿದ್ದಲಿಂಗಮ್ಮ ಹೇಳಿಕಳಿಸಿದ್ದ ಮಾತನ್ನು ಜಗುಲಿಯ ಮೇಲೆ ಕುಳಿತು ಹಾಗೆಯೇ ಒಪ್ಪಿಸಿದ:

"ನಮ್ಮತ್ತೆ ಅಂದ್ರು, 'ಮೂಗನಿಗೆ ಹೆಂಗೆ ಕೊಡೋದು ಅಂತ ಅವತ್ತು ಎದ್ದಿದ್ದೆ. ಆನೆ ಅಂದ್ರೆ ವರ್ಷಕ್ಕೊಂದ್ಸಲ ಬತ್ತದೆ. ಗಂಡ ದಿನಾ ಮನೇಲಿರ್ತಾನೆ. ಮಾತು ಬತ್ತದಲ್ಲ, ಕೊಡಾನ' ಅಂತ."

ಭದ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬೆಟ್ಟಸ್ವಾಮಿ ಏನೂ ಹೇಳಲಿಲ್ಲ. ಈ ಸಲ ಬಾಯಲ್ಲಿ ಎಲೆಅಡಿಕೆ ಇರಲಿಲ್ಲ.

ಮದುವೆಯಾಗಿ ಬಂದ ವಿಮಲಳನ್ನು, ಕಾಡಿನಂಚಿನಲ್ಲಿ ಭಯವಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. "ಭಯ ಏನ್ ಬಂತು ಸಾ? ನಮ್ಮಪ್ಪ ಅವತ್ತು ಮನೆಗೆ ಬಂದು ಎಲ್ಲಾನೂ ಪಾಠ ಒಪ್ಪಿಸ್ದಂಗೆ ಒಪ್ಪಿಸಿದ್ರು. ಬಾವಿ ಬತ್ತೋಯ್ತದೆ ಅಂತ ಗೊತ್ತಿದ್ದೇ ಎರಡು ಕೊಡ ಜಾಸ್ತಿ ತಂದಿದ್ದೀನಿ," ಎಂದಳು. ಬೆಟ್ಟಸ್ವಾಮಿ ಊರು ತೋರಿಸಲು ಹೊರಟರೆ ಈಗ ಆಕೆಯೂ ಒಮ್ಮೊಮ್ಮೆ ಹಿಂದೆ ಹೋಗುತ್ತಾಳೆ. "ಬಾಲ ಆ ಕಡೆ ಅಲ್ಲ, ಈ ಕಡೆ ಅಂತ ಹೋದ ಸಲ ಹೇಳಿದ್ರಿ," ಎಂದು ತಿದ್ದುತ್ತಾಳೆ.

ಆ ಸುತ್ತು ದಾರಿಗೆ ಊರವರು 'ಮಾವನ ದಾರಿ' ಎಂದು ಹೆಸರಿಟ್ಟರು. ಊರಿಗೆ ಡಾಂಬರು ರಸ್ತೆ ಬಂದ ಮೇಲೆ ಅದರಲ್ಲಿ ನಡೆಯುವವರು ಕಡಿಮೆ. ಆದರೆ ಮಳೆಗಾಲ ಕಳೆದೊಡನೆ ಬೆಟ್ಟಸ್ವಾಮಿ ಮಚ್ಚು ಹಿಡಿದು ಅರಳಿಮರದಿಂದ ತನ್ನ ಅಂಗಳದವರೆಗೂ ಲಂಟಾನ ಸವರುತ್ತಾನೆ. ನಾನು ನಿವೃತ್ತನಾಗಿ ಹುಣಸೂರಿನಲ್ಲಿ ನೆಲೆಸಿದ್ದೇನೆ. ಈ ವರ್ಷ, ಅಂದರೆ ೨೦೦೮ರಲ್ಲಿ, ದೀಪಾವಳಿಯ ಮಾರನೆಯ ದಿನ ಹೋದಾಗಲೂ ಅದೇ ಕೆಲಸದಲ್ಲಿದ್ದ. ಗಡ್ಡ ಬೆಳ್ಳಗಾಗಿದೆ. ನನ್ನನ್ನು ಕಂಡು ಮಚ್ಚನ್ನು ಕೆಳಗಿಟ್ಟ.

"ಮೇಷ್ಟ್ರೇ, ಆ ಇಂಗ್ಲೆಂಡಿನ ಊರಲ್ಲಿ ಈಗ ಎಷ್ಟು ಮನೆ ಆಗವೆ?"

"ನನಗೆ ಹೇಗೆ ಗೊತ್ತಪ್ಪ? ಪುಸ್ತಕ ಹಳೆಯದು."

"ನಮ್ದು ಇಪ್ಪತ್ತಾರು ಆಯ್ತು," ಎಂದ. ಆಮೇಲೆ ನನ್ನ ಕೈಚೀಲವನ್ನು ತೆಗೆದುಕೊಂಡು, ನಾನು ಏನೂ ಕೇಳದಿದ್ದರೂ, ಬಂಡೆಯ ಕಡೆಗೆ ನಡೆದ.