ಐದು ಬೆರಳು ಕಾಣುವ ನೀರು

ಆ ಬೇಸಿಗೆಯುದ್ದಕ್ಕೂ ಸುಬೇದಾರರ ಅಂಗಿಯ ಬಲತೋಳು ಮೊಣಕೈವರೆಗೆ ಒದ್ದೆಯಾಗಿಯೇ ಇರುತ್ತಿತ್ತು. ತುಂಬುತೋಳಿನ ಬಿಳಿ ಅಂಗಿ, ಮಣಿಕಟ್ಟಿನಲ್ಲಿ ಬಿಗಿಯಾದ ಗುಂಡಿ. ನೀರು ಕಂಡಲ್ಲೆಲ್ಲ ಕುಕ್ಕರುಗಾಲಲ್ಲಿ ಕೂತು, ಗುಂಡಿ ಬಿಚ್ಚುವಷ್ಟೂ ತಾಳ್ಮೆಯಿಲ್ಲದೆ ಕೈ ಮುಳುಗಿಸಿ, ಬೆರಳು ಅಗಲಿಸಿ, ಬಗ್ಗಿ ದಿಟ್ಟಿಸುತ್ತಿದ್ದರು. ಆಮೇಲೆ ಎದ್ದು ಕೈ ಕೊಡವಿ, "ಇದಾಗಲ್ಲ, ಚಲೋ" ಅನ್ನುತ್ತಿದ್ದರು. ಹೊರಡೋಣ ಎಂಬರ್ಥದ ಆ ಹಿಂದಿ "ಚಲೋ" ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಅವರು ಹಾಸನದ ಕಡೆಯವರು. ಸೈನ್ಯದ ಎಂಜಿನಿಯರ್ ದಳದಲ್ಲಿ ಸುಬೇದಾರರಾಗಿ ನಿವೃತ್ತರಾದ ಮೇಲೆ ದೆಹಲಿಯ ಸಚಿವಾಲಯವೊಂದರಲ್ಲಿ ಗುಮಾಸ್ತರಾಗಿ ಸೇರಿಕೊಂಡಿದ್ದರು. ಪೀತಮ್‌ಪುರದಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಕೆಳಗಿನ ಮನೆ ಅವರದು. ನಮ್ಮ ಕಡೆಗೆ ಮೆಟ್ರೋ ಬಂದ ವರ್ಷ ಅದು. ನಾನು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ ಎಂದು ನಮ್ಮಪ್ಪ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಗಂಗೆಯಲ್ಲಿ ಕಯಾಕ್ ನಡೆಸುವ ಹುಚ್ಚು ಹತ್ತಿತ್ತು.

ಕಯಾಕ್ ಎಂದರೆ ಒಬ್ಬರೇ ಕೂರುವ ಸಣ್ಣ ದೋಣಿ. ಒಳಗೆ ನೀರು ಬಾರದಂತೆ ಸೊಂಟದ ಸುತ್ತ ರಬ್ಬರಿನ ಹೊದಿಕೆ ಬಿಗಿದಿರುತ್ತದೆ. ಮಗುಚಿಕೊಂಡರೆ ನಾವು ನೀರಿನೊಳಗೆ ತಲೆಕೆಳಗು. ಹೊರಗೆ ಬರದೆ, ಕೂತಲ್ಲಿಂದಲೇ ಹುಟ್ಟು ಬೀಸಿ, ಸೊಂಟ ತಿರುಚಿ ಮೇಲೇಳುವುದಕ್ಕೆ ರೋಲ್ ಎನ್ನುತ್ತಾರೆ. ನನಗೆ ಅದು ಬರುತ್ತಿರಲಿಲ್ಲ. ಹಿಂದಿನ ವರ್ಷ ಋಷಿಕೇಶದ ಮೇಲ್ಗಡೆ ಮಗುಚಿಕೊಂಡಾಗ ಹೊದಿಕೆ ಕೀಳಲು ಕೈಗೆ ಸಿಗದೆ, ಸಾಕಷ್ಟು ನೀರು ಕುಡಿದಿದ್ದೆ; ಕೊನೆಗೆ ಹೇಗೋ ಹೊರಬಂದ ಮೇಲೆ ಜೊತೆಗಿದ್ದ ಕಯಾಕ್ ತಂಡದವರು ಹಗ್ಗ ಎಸೆದು ನನ್ನನ್ನು ಎಳೆದುಕೊಂಡಿದ್ದರು. ಅಂದಿನಿಂದ ಸ್ನಾನದ ನೀರು ಮುಖಕ್ಕೆ ಹೊಡೆದರೂ ಉಸಿರು ಕಟ್ಟಿದ ಹಾಗಾಗುತ್ತಿತ್ತು. ರೋಲ್ ಕಲಿಯದಿದ್ದರೆ ಅಕ್ಟೋಬರಿನ ಗಂಗೆಯ ಪ್ರಯಾಣದಲ್ಲಿ ನಿನಗೆ ಕಯಾಕ್ ಇಲ್ಲ, ಎಲ್ಲರ ಜೊತೆ ರಾಫ್ಟಿನ ಗಾಳಿದೋಣಿಯಲ್ಲಿ ಕೂತು ಬಾ ಎಂದು ನಮ್ಮ ತಂಡದ ಮುಖ್ಯಸ್ಥರು ಖಡಾಖಂಡಿತವಾಗಿ ಹೇಳಿಬಿಟ್ಟರು. ಆ ಸಲ ಹೋಗದಿದ್ದರೆ ಭಯ ನನ್ನೊಳಗೆ ಕಾಯಂ ಆಗಿ ಮನೆ ಮಾಡುತ್ತದೆಂದು ನನಗೆ ಗೊತ್ತಿತ್ತು.

ತಂಡದ ಹಳೆಯ ಕೆಂಪು ಕಯಾಕ್ ತಂದು ಮೆಟ್ಟಿಲ ಕೆಳಗೆ ಇಟ್ಟೆ. ಸಂಜೆ ಆಫೀಸಿನಿಂದ ಬಂದ ಸುಬೇದಾರರು ಅದರ ಸುತ್ತ ಒಂದು ಸುತ್ತು ಹಾಕಿದರು.

"ಮಗುಚಿ ಏಳೋಕೆ ಬರುತ್ತಾ ನಿಂಗೆ?"

"ಇಲ್ಲ ಅಂಕಲ್."

"ಹಂಗಾದ್ರೆ ಇದು ದೋಣಿ ಅಲ್ಲ ಕಣಮ್ಮ, ಸಾಮಾನು."

ಸೈನ್ಯದಲ್ಲಿ ಹತ್ತಾರು ವರ್ಷ ಜವಾನರಿಗೆ ಇದನ್ನೇ ಕಲಿಸಿದವರಂತೆ. ನನ್ನ ಅದೃಷ್ಟ ಖುಲಾಯಿಸಿತು ಎಂದುಕೊಂಡೆ. ಅದೃಷ್ಟ ಬಂದಿತ್ತು ನಿಜ, ನೀರು ಬರಬೇಕಿತ್ತಲ್ಲ!

ಪ್ರತಿ ಭಾನುವಾರ ಅವರ ಹಳೆಯ ಮಾರುತಿಯ ತಲೆಯ ಮೇಲೆ ಕಯಾಕ್ ಕಟ್ಟಿಕೊಂಡು ಹೊರಡುತ್ತಿದ್ದೆವು. ಸಿಗ್ನಲ್ಲಿನಲ್ಲಿ ಪೊಲೀಸ್ ತಡೆದು, "ಟಂಕೀ ಹೈ ಕ್ಯಾ, ಅಂಕಲ್‌ಜೀ?" ಎಂದು, ನೀರಿನ ಟ್ಯಾಂಕೋ ಏನೋ ಎಂಬಂತೆ, ಕೇಳುವುದು ವಾಡಿಕೆಯಾಯಿತು. ಯಮುನೆಯ ದಡಕ್ಕೆ ಹೋದೆವು; ನೊರೆ ನೋಡಿ ಅವರು ಕೈ ಕೂಡ ಹಾಕಲಿಲ್ಲ. ಊರ ಉತ್ತರದ ಕೆರೆಯಲ್ಲಿ ಪೆಡಲ್ ದೋಣಿಯ ಗುತ್ತಿಗೆದಾರ ಒಪ್ಪಿದ, ಸುಬೇದಾರರು ಒಪ್ಪಲಿಲ್ಲ. ಫರೀದಾಬಾದಿನ ಹೆಸರುವಾಸಿ ಕೆರೆಗೆ ಎರಡು ಗಂಟೆ ಬೆವರಿ ಹೋದರೆ ಕೆರೆಯೇ ಇಲ್ಲ, ಅದರ ಅಂಗಳದಲ್ಲಿ ಮೂರು ಕ್ರಿಕೆಟ್ ಪಂದ್ಯ ನಡೆಯುತ್ತಿದ್ದವು. ಸಾರ್ವಜನಿಕ ಈಜುಕೊಳದವನು ಕಯಾಕ್ ನೋಡಿದ್ದೇ ಗೇಟು ಹಾಕಿಕೊಂಡ. ಜೂನ್ ಮುಗಿಯಿತು. ನಾನು ಇನ್ನೂ ಒಂದು ಸಲವೂ ನೀರಿಗಿಳಿದಿರಲಿಲ್ಲ.

ಅರಾವಳಿಯ ಹಳೆಯ ಕಲ್ಲುಗಣಿಯ ಹೊಂಡವೊಂದರ ಬಳಿ ನನ್ನ ಸಹನೆಯ ಕಟ್ಟೆ ಒಡೆಯಿತು. ಅಲ್ಲಿ ತಿಳಿನೀರು. ಅವರ ಐದು ಬೆರಳೂ, ಉಂಗುರವೂ, ಉಗುರಿನ ಮೇಲಿನ ಶಾಯಿಯ ಕಲೆಯೂ ಕಾಣುತ್ತಿದ್ದವು. ಅವರು ಎದ್ದು ಕೈ ಕೊಡವಿದರು.

"ಇದಾಗಲ್ಲ. ಅಂಚಿನಲ್ಲೇ ಆಳ. ನಾನೆಲ್ಲಿ ನಿಲ್ಲಲಿ?"

"ಮೊದಲು ನೀರು ಸರಿಯಿಲ್ಲ, ಈಗ ನೆಲ ಸರಿಯಿಲ್ಲ! ನಿಮಗೆ ಕಲಿಸೋ ಮನಸ್ಸಿಲ್ಲ ಅಂಕಲ್. ಹಾಗಂತ ಹೇಳಿಬಿಡಿ, ನಾನೇ ಹೆಂಗೋ ಕಲೀತೀನಿ."

ಅವರು ಹೋಗಿ ಕಾರು ಹತ್ತಿದರು. ಅರ್ಧ ದಾರಿ ಬಂದ ಮೇಲೆ ಶಿಕಂಜಿಯ, ಅಂದರೆ ನಿಂಬೆ ಶರಬತ್ತಿನ, ಗಾಡಿಯ ಪಕ್ಕ ಕಾರು ನಿಲ್ಲಿಸಿ, ಎರಡು ಲೋಟ ತಂದು, ಎದುರಿನ ರಸ್ತೆ ನೋಡುತ್ತ ಹೇಳಿದರು.

"ಒಬ್ಬ ಸಿಪಾಯಿ ಇದ್ದ. ಮಳೆಗಾಲ, ನೀರು ಚಾ ಥರ ಇತ್ತು. ನನ್ನಿಂದ ನಾಲ್ಕಡಿ ದೂರದಲ್ಲಿ ಮಗುಚ್ಕೊಂಡ. ಒಂದು ಕಡೆ ಕೈ ಹಾಕ್ದೆ, ಇನ್ನೊಂದು ಕಡೆ ಹಾಕ್ದೆ. ಎಲ್ಲಿದಾನೆ ಅಂತ ಕಾಣಲೇ ಇಲ್ಲ." ಲೋಟ ಖಾಲಿ ಮಾಡಿದರು. "ನೀನು ತಲೆಕೆಳಗಾಗಿದ್ದಾಗ ನಿನ್ನ ಮುಖ ನಂಗೆ ಕಾಣ್ಬೇಕು. ಪಕ್ಕದಲ್ಲಿ ನಿಂತಿರ್ಬೇಕು. ಅಷ್ಟೇ ನಾನು ಹುಡುಕ್ತಿರೋದು."

ನನಗೆ ನಾಚಿಕೆಯಾಯಿತು. ಅದರ ಜೊತೆಗೆ ಸಿಟ್ಟೂ ಬಂತು. ಇದನ್ನು ಮೊದಲ ದಿನವೇ ಹೇಳಿದ್ದರೆ ನಾನು ಈಜುಕೊಳ ಬಿಟ್ಟು ಬೇರೇನನ್ನೂ ಹುಡುಕುತ್ತಿರಲಿಲ್ಲವಲ್ಲ!

ಸುಬೇದಾರರ ಹೆಂಡತಿ ಆಂಟಿಯ ತಂಗಿ ನೋಯ್ಡಾದ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿದ್ದರು. ಅಲ್ಲಿ ಕೊಳವಿತ್ತು, ಆಳ ಕಡಿಮೆಯ ಬದಿಯೂ ಇತ್ತು. ಸೊಸೈಟಿಯ ಸೆಕ್ರೆಟರಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. "ಪೂಲ್ ಮೇ ನಾವ್ ಅಲೌಡ್ ನಹೀಂ ಹೈ" ಎಂದು, ಕೊಳದಲ್ಲಿ ದೋಣಿಗೆ ಅನುಮತಿಯಿಲ್ಲವೆಂಬ ಫಲಕ ತೋರಿಸಿದರು. ನಾನು ವಾದಕ್ಕಿಳಿದೆ. ಸುಬೇದಾರರು ಮಾತ್ರ ಫಲಕವನ್ನು ಪೂರ್ತಿ ಓದಿ, ಜೇಬಿನ ಡೈರಿಯಲ್ಲಿ ಬರೆದುಕೊಂಡು, ಎಂದಿನಂತೆ "ಚಲೋ" ಅಂದರು. ಮುಂದಿನ ಭಾನುವಾರ ಅವರ ಕೈಯಲ್ಲಿ ಟೈಪು ಮಾಡಿದ ಅರ್ಜಿಯಿತ್ತು. ದೋಣಿ ಎಂಬ ಮಾತೇ ಅದರಲ್ಲಿ ಇರಲಿಲ್ಲ. "ಈಜು ಕಲಿಕೆಗೆ ನೆರವಾಗುವ ತೇಲು ಸಾಧನ, ಪ್ಲಾಸ್ಟಿಕ್, ಕೆಂಪು, ಸಂಖ್ಯೆ: ಒಂದು." ಈಜಿಗೆ ನೆರವಾಗುವ ಸಾಧನಗಳನ್ನು ತರಬಹುದೆಂದು ಫಲಕದ ಆರನೆಯ ಸಾಲಿನಲ್ಲಿತ್ತಂತೆ. ಸೆಕ್ರೆಟರಿ ಎರಡು ಸಲ ಓದಿ, ಕನ್ನಡಕ ತೆಗೆದು ಕಯಾಕನ್ನೊಮ್ಮೆ ನೋಡಿ, ಸಹಿ ಹಾಕಿದರು. ಭಾನುವಾರ ಬೆಳಗ್ಗೆ ಆರರಿಂದ ಏಳು.

"ಕಾಗದ ಸರಿಯಿದ್ರೆ ಆನೆನೂ ಇಳಿಸ್ಬೋದು" ಎಂದರು ಸುಬೇದಾರರು.

ಸಿಕ್ಕಿದ ಆ ಒಂದು ಗಂಟೆಯಲ್ಲಿ ಅವರು ನನ್ನ ಜೀವ ಹಿಂಡಿಬಿಟ್ಟರು. ಅದೇ ಬಿಳಿ ಅಂಗಿಯಲ್ಲಿ ಸೊಂಟಮಟ್ಟ ನೀರಿನಲ್ಲಿ ನಿಂತು ನನ್ನನ್ನು ಮಗುಚುವರು, ಎತ್ತುವರು, ಬೈಯುವರು. ನನ್ನ ತಪ್ಪು ಒಂದೇ: ಉಸಿರಿನ ಆತುರಕ್ಕೆ ತಲೆಯನ್ನು ಮೊದಲು ಎತ್ತುತ್ತಿದ್ದೆ. ಹಾಗೆ ಎತ್ತಿದರೆ ದೋಣಿ ತಿರುಗುವುದಿಲ್ಲ.

"ಫೈಲು ಕೆಳಗಿಂದ ಮೇಲೆ ಹೋಗುತ್ತೆ ಕಣಮ್ಮ. ಸೊಂಟ ಗುಮಾಸ್ತ, ಎದೆ ಸೆಕ್ಷನ್ ಆಫೀಸರು, ತಲೆ ಜಾಯಿಂಟ್ ಸೆಕ್ರೆಟರಿ. ಗುಮಾಸ್ತ ಮೊದಲು ಕೆಲಸ ಮಾಡ್ಬೇಕು, ಜಾಯಿಂಟ್ ಸೆಕ್ರೆಟರಿ ಕೊನೇಲಿ ಬರ್ಬೇಕು. ನಿನ್ನ ಸಾಹೇಬ್ರು ಎಲ್ಲರಿಗಿಂತ ಮುಂಚೆ ಓಡಿ ಬರ್ತಾರೆ, ಫೈಲು ಮುಳುಗುತ್ತೆ!"

ಏಳು ಭಾನುವಾರ ಮುಳುಗಿತು. ಎಂಟನೆಯದರಲ್ಲಿ, ಹೇಗೆಂದು ನನಗೇ ತಿಳಿಯುವ ಮೊದಲೇ, ನಾನು ಮೇಲಿದ್ದೆ. ಖುಷಿಗೆ ಕಿರುಚಿದೆ. ಬಾಲ್ಕನಿಯೊಂದರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಸುಬೇದಾರರು "ಹೂಂ, ಇನ್ನೊಂದ್ಸಲ" ಎಂದು ನನ್ನನ್ನು ಮತ್ತೆ ಮಗುಚಿದರು. ಸೆಪ್ಟೆಂಬರ್ ಕೊನೆಗೆ ಕೊಳ ಮುಚ್ಚುವವರೆಗೂ ಇದೇ ನಡೆಯಿತು.

ಅಕ್ಟೋಬರಿನಲ್ಲಿ ಗಂಗೆಯ ನೀರು ಇನ್ನೂ ಬೂದುಬಣ್ಣಕ್ಕಿತ್ತು. ಎರಡನೆಯ ಇಳಿಜಾರಿನಲ್ಲಿ ಅಲೆ ನನ್ನನ್ನು ಮಗುಚಿಹಾಕಿತು. ಕಣ್ಣು ಬಿಟ್ಟರೆ ನನ್ನ ಕೈಯೇ ನನಗೆ ಕಾಣದು. ಹುಟ್ಟು ಬೀಸಿದೆ, ತಲೆ ಮೊದಲು ಎತ್ತಿದೆ, ಮತ್ತೆ ಮುಳುಗಿದೆ. ಇಲ್ಲಿ ನನ್ನ ಮುಖ ಯಾರಿಗೂ ಕಾಣುವುದಿಲ್ಲ ಅನ್ನಿಸಿತು. ಹಲ್ಲು ಕಚ್ಚಿ, ಜಾಯಿಂಟ್ ಸೆಕ್ರೆಟರಿಯನ್ನು ಹೆಗಲಿಗೆ ಒತ್ತಿ ಹಿಡಿದು ಸೊಂಟ ತಿರುಚಿದೆ. ಮುಖಕ್ಕೆ ಬಿಸಿಲು ಬಡಿಯಿತು.

ಸಂಜೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ.

"ಅಂಕಲ್, ಎದ್ದೆ!"

"ಎಷ್ಟನೇ ಸಲಕ್ಕೆ?"

"ಎರಡನೇದಕ್ಕೆ."

"ಯಾವ ಕಡೆಯಿಂದ?"

"ಬಲಗಡೆಯಿಂದ."

"ನದಿ ಯಾವಾಗ್ಲೂ ಬಲಗಡೆಗೇ ಜಾಗ ಬಿಡಲ್ಲ. ಏಪ್ರಿಲ್‌ನಲ್ಲಿ ಪೂಲ್ ತೆಗೀಲಿ, ಎಡಗಡೆ ಶುರು ಮಾಡೋಣ."

ಫೋನ್ ಇಟ್ಟರು. ಒಂದು ಶಾಬಾಷ್ ಇಲ್ಲ! ಬೂತಿನೊಳಗೇ ನಿಂತು ಅವರನ್ನು ಬಾಯಿಗೆ ಬಂದಂತೆ ಬೈದೆ. ಅಂದು ಬೆಳಗ್ಗೆಯಿಂದ ಅವರು ಫೋನಿನ ಪಕ್ಕ ಬಿಟ್ಟು ಎದ್ದಿರಲಿಲ್ಲ, ಊಟಕ್ಕೂ ಅಲ್ಲಿಗೇ ತಟ್ಟೆ ತರಿಸಿಕೊಂಡರು ಎಂದು ಆಂಟಿ ಆಮೇಲೆ ಹೇಳಿದರು.

ಫೆಬ್ರವರಿಯಲ್ಲಿ ಆಫೀಸಿನ ಮೇಜಿನ ಮುಂದೆಯೇ ಅವರ ಎದೆಬಡಿತ ನಿಂತುಹೋಯಿತು. ಮನೆ ತುಂಬ ಜನ ಅಳುತ್ತಿದ್ದರು. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಏಪ್ರಿಲ್‌ಗೆ ಇನ್ನು ಎರಡೇ ತಿಂಗಳಿತ್ತು. ಮಾತಿಗೆ ತಪ್ಪುವವರಲ್ಲ ಅವರು.

ಆಮೇಲೆ ಎಷ್ಟೋ ನದಿಗಳಲ್ಲಿ ಮಗುಚಿದ್ದೇನೆ, ಎದ್ದಿದ್ದೇನೆ. ನನಗಿಂತ ಚಿಕ್ಕವರು ಎಡಗಡೆಯನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಿಕೊಡುತ್ತೇವೆ ಎಂದು ಬಂದಿದ್ದಾರೆ. ಬೇಡ ಎಂದಿದ್ದೇನೆ. ಎಡಗಡೆಯಿಂದ ಏಳಲು ನನಗೆ ಇವತ್ತಿಗೂ ಬರುವುದಿಲ್ಲ.